ಕಾದ ಎಂಜಿನ್, ಹಿಂದಿನ ಸೀಟಿನಲ್ಲಿ ತಾರಾ

ಲೋಧಿ ಕಾಲೋನಿ, ದಿಲ್ಲಿ

ನನ್ನ ಟಿಪ್ಪಣಿಯ ಪ್ರಕಾರ ನಾವು ಬೆಳಿಗ್ಗೆ ಐದಕ್ಕೆ ಹೊರಟೆವು. ಅಕ್ಕನ ಪ್ರಕಾರ ಆರೂಕಾಲು. ಹಾಲಿನ ಭಯ್ಯಾ ಬಂದು ಹೋದ ಮೇಲೆ ಎಂದು ಅವಳು ಖಂಡಿತವಾಗಿ ಹೇಳುತ್ತಾಳೆ. ಒಂದೇ ದಿನದ ಪ್ರಯಾಣದ ಮೊದಲ ಸಾಲಿನಲ್ಲೇ ಒಂದೂಕಾಲು ಗಂಟೆ ಕಾಣೆಯಾಗಿದೆ. ಆದ್ದರಿಂದ ಇದನ್ನು ಗಡಿಯಾರ ಹಿಡಿದುಕೊಂಡು ಓದಬೇಡಿ. ಬಿಸಿಲಿನ ವಿಷಯದಲ್ಲಿ ಮಾತ್ರ ನಾನು, ಅಕ್ಕ, ಸೋಮಯ್ಯ ಮೂವರೂ ಒಂದೇ ಮಾತು ಹೇಳುತ್ತೇವೆ.

ಸೋಮಯ್ಯನವರು ಕೊಡಗಿನವರು, ಈಗ ಮೈಸೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಕೊನೆಯ ಕೆಲವು ವರ್ಷಗಳನ್ನು ಒಂದು ನಾಯಿಯ ಜೊತೆ ಕಳೆದವರು. ಸಿಡಿಮದ್ದು ಹುಡುಕುವ ಕಪ್ಪು ಲ್ಯಾಬ್ರಡಾರ್ ಅದು, ಹೆಸರು ತಾರಾ. ಅವರು ನಿವೃತ್ತರಾದಾಗ ತಾರಾ ಇನ್ನೂ ಕೆಲಸದಲ್ಲಿದ್ದಳು. ಈಗ ಅವಳೂ ನಿವೃತ್ತಳಾಗಿದ್ದಳು. ಅಂಥ ನಾಯಿಗಳನ್ನು ಸಾಕಲು ಒಪ್ಪುವವರಿಗೆ ಕೊಡುತ್ತಾರೆ. ಮೀರತ್‌ನ ಸೈನ್ಯದ ನಾಯಿ ಕೇಂದ್ರದಿಂದ ಕಾಗದ ಬಂದ ಸಂಜೆ ಸೋಮಯ್ಯ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

"ಮೇಷ್ಟ್ರೇ, ನೀವು ದಿಲ್ಲಿಗೆ ಅಕ್ಕನ ಮನೆಗೆ ಹೋಗ್ತೀರಲ್ಲ, ಅದನ್ನ ಈ ತಿಂಗಳೇ ಇಟ್ಕೊಳ್ಳಿ. ಕಣ್ಣಿನ ಆಪರೇಷನ್ ಆದ ಮೇಲೆ ನಾನು ಗಾಡಿ ಓಡಿಸೋ ಹಾಗಿಲ್ಲ. ಟ್ಯಾಕ್ಸಿಯವನು ನಾಯಿ ಅಂದ್ರೆ ಫೋನ್ ಇಡ್ತಾನೆ."

ಹೀಗೆ ಮೇ ತಿಂಗಳಿನಲ್ಲಿ ನಾನು ಭಾವನ ಕಾರು ಹತ್ತಿದೆ. ಮರುತಿಂಗಳು ಅದಕ್ಕೆ ಹದಿನೈದು ವರ್ಷ ತುಂಬುವುದಿತ್ತು. ಅಷ್ಟು ಹಳೆಯ ಪೆಟ್ರೋಲ್ ಗಾಡಿಯನ್ನು ಅಲ್ಲಿ ರಸ್ತೆಗೆ ಬಿಡುವುದಿಲ್ಲವೆಂದು ಭಾವ ಅದಕ್ಕೊಂದು ವೈಪರ್ ಕೂಡ ಹೊಸದಾಗಿ ಹಾಕಿಸಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಒಂದೇ ಬುದ್ಧಿಮಾತು ಹೇಳಿದರು: "ಎಕ್ಸ್‌ಪ್ರೆಸ್‌ವೇನಲ್ಲಿ ಬರಬೇಡ. ಕೆಟ್ಟು ನಿಂತರೆ ನೆರಳೂ ಇಲ್ಲ, ಮನುಷ್ಯರೂ ಇಲ್ಲ. ಹಳೇ ರೋಡಲ್ಲಿ ಬಾ. ಹತ್ತು ಹೆಜ್ಜೆಗೊಬ್ಬ ಗಾಡಿ ರಿಪೇರಿ ಮಿಸ್ತ್ರಿ ಇದಾನೆ."

ನಾಯಿಯನ್ನು ಮೊದಲು ಮನೆಗೇ ತರಬೇಕೆಂದು ಅಕ್ಕನ ಮಗಳು ಬಾಲ್ಕನಿಯಿಂದ ಕೂಗಿದಳು: "ಮಾಮಾ, ಪಹಲೇ ಡಾಗೀ ಕೋ ಘರ್ ಲಾನಾ. ಸ್ಟೇಷನ್ ಆಮೇಲೆ."

ರಾತ್ರಿ ನಿಜಾಮುದ್ದೀನ್‌ನ ಸ್ಟೇಷನ್ನಿನಿಂದ ಊರಿಗೆ ರೈಲಿತ್ತು. ನಾಯಿಯ ಸಲುವಾಗಿ ಸೋಮಯ್ಯ ಮೊದಲ ದರ್ಜೆಯಲ್ಲಿ ಇಬ್ಬರಿಗೇ ಮೀಸಲಾದ ಕೂಪೆಯನ್ನೇ ಹಿಡಿದಿದ್ದರು.

ಮೀರತ್

ಒಂಬತ್ತಕ್ಕೆ ಮುಗಿಯಬೇಕಿದ್ದ ಕಾಗದದ ಕೆಲಸ ಮಧ್ಯಾಹ್ನದವರೆಗೆ ಎಳೆಯಿತು. ಒಬ್ಬ ಸಾಹೇಬರ ಸಹಿ ಬೇಕಿತ್ತು, ಸಾಹೇಬರು ಬೇರೆಲ್ಲೋ ಇದ್ದರು. ಮೈಸೂರಿನ ಕಚೇರಿಗಳಲ್ಲಿ ನಾವು ಬೆಂಚಿನ ಮೇಲೆ ಕಾಯುತ್ತೇವೆ. ಇಲ್ಲಿ ಕೂಲರಿನ ಮುಂದೆ ಕಾಯುತ್ತಾರೆ. ಗಾಳಿ ಬೀಸುವ ಕಡೆಗೇ ಸಾಲು ಬಾಗಿರುತ್ತದೆ.

ತಾರಾಳನ್ನು ಕರೆತಂದರು. ಮೂತಿಯೆಲ್ಲ ಬೆಳ್ಳಗಾಗಿತ್ತು. ಅವಳು ಸೋಮಯ್ಯನನ್ನು ನೋಡಿ ಓಡಿ ಬಂದಳೆಂದು ನಾನು ಊರಿನಲ್ಲಿ ಹಲವರಿಗೆ ಹೇಳಿದ್ದೇನೆ. ಫೋನಿನಲ್ಲಿ ಅದರ ವಿಡಿಯೊ ಇದೆ, ಮೊನ್ನೆ ಮತ್ತೆ ನೋಡಿದೆ. ಅವಳು ಓಡಲಿಲ್ಲ. ನಡೆದು ಬಂದು ಅವರ ಎಡಗಾಲಿನ ಪಕ್ಕ, ಮುಖ ಮುಂದೆ ಮಾಡಿ ಕುಳಿತಳು. ಮೂರು ವರ್ಷ ನಡುವೆ ಆಗಿಯೇ ಇಲ್ಲವೇನೋ ಎಂಬಂತೆ ಮುಂದಿನ ಅಪ್ಪಣೆಗೆ ಕಾದಳು. ಸೋಮಯ್ಯ ಕೆಳಗೆ ನೋಡಲಿಲ್ಲ. ಅವರ ಎಡಗೈ ಮಾತ್ರ ಒಮ್ಮೆ ಮುಷ್ಟಿಯಾಗಿ ಬಿಚ್ಚಿಕೊಂಡಿತು.

ಅಲ್ಲಿನ ಡಾಕ್ಟರು ಹಿಂದಿಯಲ್ಲಿ ಎರಡು ವಿಷಯ ಹೇಳಿದರು. ಇವಳ ಹೃದಯ ದುರ್ಬಲ, ಸೆಕೆ ತಾಗಬಾರದು. ನಾಲಿಗೆ ಗುಲಾಬಿಯಿಂದ ನೇರಳೆಗೆ ತಿರುಗಿದರೆ ನಿಮಗೆ ಹೆಚ್ಚು ಹೊತ್ತು ಇರುವುದಿಲ್ಲ.

"ಎಷ್ಟು ಹೊತ್ತು?" ಎಂದು ನಾನು ಕೇಳಿದೆ.

ಅವರು ಆಗಲೇ ಮುಂದಿನ ನಾಯಿಯ ಕಡೆ ತಿರುಗಿದ್ದರು. ಅಥವಾ ನಾನು ಆ ಪ್ರಶ್ನೆ ಕೇಳಲೇ ಇಲ್ಲವೋ ಏನೋ.

ಪರತಾಪುರ ದಾಟಿದ ಮೇಲೆ

ಮೀರತ್ ಬಿಟ್ಟು ಹಳೇ ರೋಡಿನಲ್ಲಿ ದಿಲ್ಲಿಯ ಕಡೆ ಹೊರಟಾಗ ಕಾರಿನ ಎ.ಸಿ. ಚೆನ್ನಾಗಿಯೇ ಇತ್ತು. ಹಿಂದಿನ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿ ತಾರಾಳನ್ನು ಮಲಗಿಸಿದ್ದೆವು. ಸೋಮಯ್ಯ ಮುಂದೆ, ನನ್ನ ಪಕ್ಕದಲ್ಲಿದ್ದರು.

ಒಂದು ಚಹಾದ ಅಂಗಡಿಯ ಬೇವಿನ ಮರದ ಕೆಳಗೆ, ತಾರಾ ಮೂತ್ರ ಮಾಡಲಿ ಎಂದು ಐದು ನಿಮಿಷ ನಿಲ್ಲಿಸಿದೆವು. ನಾನು ಕೀಲಿ ತೆಗೆದು ಇಳಿದೆ. ಸೋಮಯ್ಯ ತಕ್ಷಣ ಇಳಿಯುವವರಲ್ಲ. ಗಾಡಿ ಬಿಡುವ ಮುನ್ನ ಕಿಟಕಿ, ದೀಪ, ರೇಡಿಯೊ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿಯೇ ಇಳಿಯುವುದು ಅವರ ರೂಢಿ. ಅಲ್ಲಿಯೂ ಹಾಗೇ ಮಾಡಿದರು. ನಾನು ಚಹಾ ಹೇಳುತ್ತಿದ್ದೆ.

ಮತ್ತೆ ಹೊರಟಾಗ ಕಾರು ಮೊದಲಿಗಿಂತ ಮೆತ್ತಗೆ ಓಡುತ್ತಿತ್ತು. ಬೆಳಿಗ್ಗೆಯಿಂದ ಕಿವಿಯಲ್ಲಿ ತುಂಬಿದ್ದ ಒಂದು ಗುಂಯ್ ಎನ್ನುವ ಸದ್ದು ಇಲ್ಲವಾಗಿತ್ತು. ಮುದಿ ಎಂಜಿನ್ ನೆರಳಿನಲ್ಲಿ ಸುಧಾರಿಸಿಕೊಂಡಿತು ಎಂದುಕೊಂಡು ನಾನು ಸ್ಟೀರಿಂಗ್ ತಟ್ಟಿದೆ. ಇದು ಆಗ ನಿಜಕ್ಕೂ ಗಮನಿಸಿದ್ದೋ, ಆಮೇಲೆ ತಿಳಿದದ್ದನ್ನು ಹಿಂದಕ್ಕೆ ಒಯ್ದು ಅಲ್ಲಿ ಇಟ್ಟದ್ದೋ ಎಂದು ಕೇಳಿದರೆ ಹೇಳಲಾರೆ.

ಮೋದಿನಗರ

ಪೇಟೆಯ ನಡುವೆ ಗಾಡಿಗಳು ನಿಂತುಬಿಟ್ಟಿದ್ದವು. ಕಬ್ಬಿನ ಟ್ರ್ಯಾಕ್ಟರು, ಬಸ್ಸು, ಇ-ರಿಕ್ಷಾ, ಎಲ್ಲ ಒಂದರ ಮೂಗಿಗೆ ಒಂದು. ಐದು ನಿಮಿಷಕ್ಕೆ ಎ.ಸಿ.ಯ ಗಾಳಿ ಉಗುರುಬೆಚ್ಚಗಾಯಿತು. ಮೀಟರಿನ ಕಡೆ ನೋಡಿದೆ. ಉಷ್ಣತೆಯ ಮುಳ್ಳು ಅರ್ಧ ದಾಟಿ ಕೆಂಪು ಗೆರೆಯ ಹತ್ತಿರಕ್ಕೆ ಹೋಗಿತ್ತು.

ಎ.ಸಿ. ಆರಿಸಿದೆ. ಮುಂದಿನ ಬಸ್ಸು ಕದಲಿ ನಾವು ನೂರು ಗಜ ಓಡಿದಾಗ ಮುಳ್ಳು ಇಳಿಯಿತು. ನಿಂತಾಗ ಮತ್ತೆ ಏರಿತು. ಓಡಿದರೆ ಇಳಿಯುತ್ತದೆ, ನಿಂತರೆ ಏರುತ್ತದೆ. ಇಷ್ಟು ನನಗೂ ಅರ್ಥವಾಗುತ್ತಿತ್ತು: ಓಡುವಾಗ ರಸ್ತೆಯ ಗಾಳಿ ರೇಡಿಯೇಟರನ್ನು ತಣಿಸುತ್ತಿದೆ, ನಿಂತಾಗ ಆ ಕೆಲಸ ಮಾಡಬೇಕಾದ ಫ್ಯಾನ್ ಮಾಡುತ್ತಿಲ್ಲ.

ಒಂದು ಗೋಡೆಯ ನೆರಳಿಗೆ ಸೇರಿಸಿ, ಎಂಜಿನ್ ಆರಿಸದೆ ಬಾನೆಟ್ ಎತ್ತಿದೆ. ರೇಡಿಯೇಟರಿನ ಹಿಂದೆ ಎರಡು ಫ್ಯಾನ್‌ಗಳಿದ್ದವು, ಎರಡೂ ಸುಮ್ಮನೆ ನಿಂತಿದ್ದವು. ಎಂಜಿನ್ ಆರಿಸಿದೆ.

ಮೈಸೂರಿನಲ್ಲಿ ಬಾನೆಟ್ ಎತ್ತಿದರೆ ಜನ ದೂರದಿಂದ ನೋಡಿ, ಕನಿಕರಪಟ್ಟು ಹೋಗುತ್ತಾರೆ. ಇಲ್ಲಿ ಬಾನೆಟ್ ಎಂದರೆ ಸಾರ್ವಜನಿಕ ಸಭೆ. ಅರೆಕ್ಷಣದಲ್ಲಿ ಏಳೆಂಟು ತಲೆಗಳು ಒಳಗೆ ಬಾಗಿದವು.

"ಹೆಡ್ ಗ್ಯಾಸ್ಕೆಟ್ ಗಯಾ," ಎಂದು ಎಂಜಿನ್ನೇ ಕೆಟ್ಟಿತೆಂಬಂತೆ ಹೇಳಿದ ಒಬ್ಬ, ಪಪ್ಪಾಯಿಯ ತಳ್ಳುಗಾಡಿಯವನು.

"ತೂ ಪಪೀತಾ ಬೇಚ್," ನೀನು ಹಣ್ಣು ಮಾರಿಕೊಂಡಿರು ಎಂದ ಇನ್ನೊಬ್ಬ. "ಪಾನಿ ಕಮ್ ಹೈ, ಢಕ್ಕನ್ ಖೋಲೋ."

ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೊರಟವನನ್ನು ಸೋಮಯ್ಯ ಮಣಿಕಟ್ಟಿನಲ್ಲಿ ಹಿಡಿದು ಆಚೆ ನಿಲ್ಲಿಸಿದರು. ಕಾದಿರುವಾಗ ತೆರೆದರೆ ಕುದಿನೀರು ಮುಖಕ್ಕೇ ಹಾರುತ್ತದೆ.

ಭಾವನಿಗೆ ಫೋನ್ ಮಾಡಿದೆ. ಅವರು ಮೀಟಿಂಗಿನಲ್ಲಿದ್ದರು, ಪಿಸುಗುಟ್ಟಿದರು: "ಫ್ಯೂಸ್ ನೋಡು. ಫ್ಯೂಸ್ ಸರಿ ಇದ್ರೆ ರಿಲೇ ನೋಡು, ಅದರ ಪಕ್ಕದ ಪುಟ್ಟ ಕಪ್ಪು ಡಬ್ಬಿ. ಹಾರ್ನ್‌ದೂ ಫ್ಯಾನ್‌ದೂ ಒಂದೇ ಥರ ಇರತ್ತೆ, ಅದನ್ನ ಇದಕ್ಕೆ ಹಾಕಿ ನೋಡು."

ಫ್ಯೂಸ್ ಸರಿಯಿತ್ತು. ಹಾರ್ನ್‌ನ ರಿಲೇ ಕಿತ್ತು ಫ್ಯಾನ್‌ನ ಜಾಗಕ್ಕೆ ಹಾಕಿದೆ. ಫ್ಯಾನ್ ತಿರುಗಲಿಲ್ಲ. ಗಾಬರಿಯಲ್ಲಿ ಅದನ್ನು ವಾಪಸು ಹಾಕುವುದನ್ನು ಮರೆತೆ. ಉತ್ತರ ಪ್ರದೇಶದಲ್ಲಿ ಹಾರ್ನ್ ಇಲ್ಲದ ಕಾರಿನಲ್ಲಿ ಹೋಗುವುದು ಹೇಗಿರುತ್ತದೆಂದು ಆಮೇಲೆ ತಿಳಿಯಿತು.

ಭಾವ ಹೇಳಿದ ಹತ್ತು ಹೆಜ್ಜೆಗೊಬ್ಬ ಮಿಸ್ತ್ರಿ ಎಲ್ಲಿ? ಕಣ್ಣು ಹಾಯಿಸಿದಷ್ಟು ದೂರ ಶಟರ್‌ಗಳು ಕೆಳಗಿದ್ದವು. ಆ ದಿನ ಬಜಾರಿಗೆ ವಾರದ ರಜೆಯಂತೆ. ಮುರಾದನಗರದಲ್ಲಿ ಕಾಲುವೆಯ ಸೇತುವೆ ದಾಟಿದರೆ ನಸೀಮ್ ಎಂಬ ರೇಡಿಯೇಟರ್ ಮಿಸ್ತ್ರಿ ಇದ್ದಾನೆ, ಅವನು ಯಾವತ್ತೂ ಮುಚ್ಚುವುದಿಲ್ಲ ಎಂದು ಪಪ್ಪಾಯಿಯವನು ಹೇಳಿದ. ಹತ್ತು ಕಿಲೋಮೀಟರ್ ದೂರ.

ಸೋಮಯ್ಯ ಹಿಂದಿನ ಬಾಗಿಲು ತೆರೆದು ತಾರಾಳ ತುಟಿ ಎತ್ತಿ ನೋಡಿದರು. ಅವಳು ಬಾಯಿ ಅಗಲಿಸಿ ಏದುತ್ತಿದ್ದಳು. ಜೊಲ್ಲು ದಾರದ ಹಾಗೆ ಗಟ್ಟಿಯಾಗಿ ಇಳಿಯುತ್ತಿತ್ತು. ಎರಡು ಇ-ರಿಕ್ಷಾ ಕೇಳಿದೆವು. "ಕಾಟೇಗಾ," ಕಚ್ಚುತ್ತದೆ ಎಂದು ಇಬ್ಬರೂ ಮುಂದೆ ಹೋದರು. ನಮ್ಮಲ್ಲಿದ್ದದ್ದು ಒಂದು ಐದು ಲೀಟರಿನ ನೀರಿನ ಕ್ಯಾನ್, ಅದರಲ್ಲಿ ಮುಕ್ಕಾಲು ನೀರು. ಎಂಜಿನ್ ತಣಿಸುವ ಕೂಲೆಂಟಿನ ಬಾಟಲಿ ತಳ ಕಾಣುತ್ತಿತ್ತು.

"ಗಾಡಿಗೆಷ್ಟು ಬೇಕು?"

"ಗೊತ್ತಿಲ್ಲ. ಎರಡು ಲೀಟರ್?"

"ಒಂದು ಹಾಕಿ," ಎಂದರು ಸೋಮಯ್ಯ. ಉಳಿದದ್ದನ್ನು ತಾವೇ ಹಿಡಿದುಕೊಂಡರು.

ಹತ್ತು ಕಿಲೋಮೀಟರ್

ಹೀಟರ್ ಹಾಕೋಣ ಎಂದವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸೋಮಯ್ಯನವರೇ ಎಂದು ನಾನು ಬರೆದಿಟ್ಟಿದ್ದೇನೆ. ಅವರನ್ನು ಕೇಳಿದರೆ, "ಯಾರಾದ್ರೂ ಹೇಳಲೇಬೇಕಿತ್ತಲ್ಲ," ಎನ್ನುತ್ತಾರೆ.

ಕಾರಿನ ಹೀಟರ್ ಎಂಜಿನ್ನಿನ ಬಿಸಿನೀರಿನಿಂದಲೇ ಶಾಖ ತೆಗೆದು ಒಳಗೆ ಊದುತ್ತದೆ. ಫ್ಯಾನ್ ಸತ್ತಾಗ ಅದನ್ನು ಪೂರ್ತಿ ತೆರೆದರೆ ಎಂಜಿನ್ನಿನ ಬೇಗೆಯಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆ ಪಾಲು ಗಾಡಿಯ ಒಳಗಿರುವವರಿಗೆ ಬರುತ್ತದೆ. ಎಂಜಿನ್ ಹೋದರೆ ತಾರಾ ಆ ಗೋಡೆಯ ಪಕ್ಕದಲ್ಲೇ ಹೋಗುತ್ತಾಳೆ. ಹೀಟರ್ ಹಾಕಿದರೆ ಸೀಟಿನ ಮೇಲೆ ಹೋಗಬಹುದು. ನಾವು ಹೀಟರ್ ಹಾಕಿದೆವು.

ಸೋಮಯ್ಯ ಹಿಂದಕ್ಕೆ ಬಂದು ಕುಳಿತರು. ನಾಲ್ಕೂ ಗಾಜು ಇಳಿಸಿದೆವು. ಒದ್ದೆ ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ, ಮುಂದಿನ ಸೀಟುಗಳ ನಡುವೆ ಪರದೆಯ ಹಾಗೆ ಹಿಡಿದರು. ನನ್ನ ಕಡೆಯಿಂದ ಬರುವ ಬಿಸಿಗಾಳಿ ಅವಳಿಗೆ ನೇರ ಹೊಡೆಯಬಾರದೆಂದು. ನಾನು ಕನ್ನಡಿಯಲ್ಲಿ ಟವೆಲನ್ನು ಮಾತ್ರ ನೋಡುತ್ತಿದ್ದೆ. ಅದು ಒಣಗಿ ಬಣ್ಣ ಬದಲಾಗುವುದು ಕಾಣುತ್ತಿತ್ತು. ಪಾದದ ಮೇಲೆ ಬೀಳುವ ಗಾಳಿಗೆ ಚಪ್ಪಲಿಯ ಬಾರು ಸುಡುತ್ತಿತ್ತು.

"ಮುಳ್ಳು?"

"ಕೆಂಪಿನ ಕೆಳಗೆ. ನಾಲಿಗೆ?"

"ಓಡಿಸಿ."

ಸ್ವಲ್ಪ ಹೊತ್ತು ಕಳೆದು:

"ಮುಳ್ಳು?"

"ಅಲ್ಲೇ ಇದೆ. ನಾಲಿಗೆ ಹೇಗಿದೆ ಹೇಳಿ."

"ನೀವು ರೋಡ್ ನೋಡಿ, ಮೇಷ್ಟ್ರೇ."

ಮುಂದೆ ಒಂದು ಟ್ರ್ಯಾಕ್ಟರ್ ರಸ್ತೆಯ ನಡುವೆ ಆರಾಮಾಗಿ ಹೋಗುತ್ತಿತ್ತು. ಹಾರ್ನ್ ಒತ್ತಿದೆ, ಸದ್ದಿಲ್ಲ. ತಲೆ ಹೊರಗೆ ಹಾಕಿ ಕೂಗಿದೆ. ಕನ್ನಡದಲ್ಲಿ ಕೂಗಿದೆನೆಂದು ಸೋಮಯ್ಯ ಹೇಳುತ್ತಾರೆ. ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿ, ಬೆವರು ಸುರಿಸುತ್ತ ಚೀರುತ್ತಿದ್ದ ಮನುಷ್ಯನಿಗೆ ಹೆದರಿಯೋ ಏನೋ, ಪಕ್ಕಕ್ಕೆ ಸರಿದ.

ಗಂಗಾ ಕಾಲುವೆ, ಮುರಾದನಗರ

ಸೇತುವೆಯ ಹತ್ತಿರ ಬಂದಾಗ ಮುಳ್ಳು ಕೆಂಪಿನೊಳಗಿತ್ತು. ನಿಲ್ಲಿಸಲೇಬೇಕಾಯಿತು. ಕಾಲುವೆಯ ಮೆಟ್ಟಿಲುಗಳ ತುಂಬ ಜನ. ಚಡ್ಡಿ ತೊಟ್ಟ ಗಂಡಸರು ಮೇಲಿಂದ ಹಾರಿ, ತೇಲಿ, ಸರಪಳಿ ಹಿಡಿದು ಮತ್ತೆ ಮೇಲೆ ಬರುತ್ತಿದ್ದರು. ನಮ್ಮಲ್ಲಿ ಹೊಳೆಗೆ ಹೋಗುವುದೆಂದರೆ ಒಂದು ಕಾರ್ಯಕ್ರಮ. ಇವರು ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಪ್ಯಾಂಟು ಕಳಚಿ ಕಂಬಿಗೆ ನೇತುಹಾಕಿ ಧುಮುಕುತ್ತಾರೆ.

ಸೋಮಯ್ಯ ತಾರಾಳನ್ನು ಎತ್ತಿಕೊಂಡು ಇಳಿದರು. ಅವಳ ನಾಲಿಗೆಯನ್ನು ಆಗ ನೋಡಿದೆ. ಜಂಬುನೇರಳೆ ತಿಂದ ಮಕ್ಕಳ ನಾಲಿಗೆಯ ಹಾಗಿತ್ತು.

ಯಾರನ್ನೂ ಕರೆಯಬೇಕಾಗಲಿಲ್ಲ. ನೀರು ತೊಟ್ಟಿಕ್ಕುವ ಐದಾರು ಜನ ಬಾಟಲಿ, ಮಗ್ಗುಗಳಲ್ಲಿ ನೀರು ತಂದರು, ಒಬ್ಬ ತನ್ನ ಹೆಲ್ಮೆಟ್ಟಿನಲ್ಲೂ ತಂದ. ಒಬ್ಬ ದಪ್ಪ ಮೀಸೆಯವನು, "ಸೀಧಾ ನೆಹರ್ ಮೇ ಡಾಲ್ ದೋ," ನೇರ ಕಾಲುವೆಗೇ ಹಾಕಿ ಎಂದು ಅವಳ ಹಿಂಗಾಲಿಗೆ ಕೈ ಹಾಕಿದ.

"ಹಾಥ್ ಹಟಾವೋ," ಎಂದರು ಸೋಮಯ್ಯ. ದನಿ ಎತ್ತಲಿಲ್ಲ, ಮೀಸೆಯವನು ಕೈ ತೆಗೆದ. "ಹೊಟ್ಟೆಗೆ, ಪಾದಕ್ಕೆ, ತೊಡೆಸಂದಿಗೆ. ನಿಧಾನಕ್ಕೆ," ಎಂದು ನನಗೆ ಹೇಳಿದರು. "ಒಂದೇ ಸಲ ತಣ್ಣೀರಿಗೆ ಹಾಕಿದ್ರೆ ಹಾರ್ಟ್ ನಿಂತುಬಿಡತ್ತೆ."

ಬಗ್ಗಿ ಪಾದಗಳಿಗೆ ಹೊಯ್ದೆ. ಏದುಸಿರು ಒಂದಿಷ್ಟು ಇಳಿಯಿತು, ಬಣ್ಣ ಇಳಿಯಲಿಲ್ಲ. ಮೀಸೆಯವನೇ ಸೇತುವೆಯ ಆಚೆ ತೋರಿಸಿದ. ನಸೀಮನ ಶೆಡ್ಡು ಅಲ್ಲೇ, ಕೂಲರ್ ಇದೆ. ಕಾರನ್ನು ತಾವು ತಳ್ಳುತ್ತೇವೆ ಎಂದ. ಹಾಗೆ ನಾವು ಸೇತುವೆ ದಾಟಿದೆವು: ಮುಂದೆ ನಾಯಿಯನ್ನು ಹೆಗಲ ಮೇಲೆ ಹೊತ್ತ ಸೋಮಯ್ಯ, ಹಿಂದೆ ಸ್ಟೀರಿಂಗ್ ಹಿಡಿದ ನಾನು, ನನ್ನ ಹಿಂದೆ ಚಡ್ಡಿಯ ನಾಲ್ವರು.

ನಸೀಮ್ ಭಾಯಿಯ ಶೆಡ್ಡು

ಅರವತ್ತರ ಮನುಷ್ಯ. ನಾನು ಕಾರಿನ ಕಥೆ ಶುರು ಮಾಡಿದರೆ ಮೊದಲು ನಾಯಿ ಎಂದು ಕೈ ಅಡ್ಡ ಹಿಡಿದರು. "ಪಹಲೇ ಇಸ್ಕೋ. ಗಾಡಿ ಕಹೀ ನಹೀ ಜಾ ರಹೀ."

ಕೂಲರನ್ನು ತಮ್ಮ ಮಂಚದಿಂದ ತಿರುಗಿಸಿ ನೆಲದ ಕಡೆಗೆ ಹಿಡಿದರು, ಸಿಮೆಂಟಿನ ಮೇಲೆ ನೀರು ಚೆಲ್ಲಿದರು. ತಾರಾ ಅದರ ಮೇಲೆ ಒಂದು ಮಗ್ಗುಲಾಗಿ ಬಿದ್ದುಕೊಂಡಳು. ಆಮೇಲಷ್ಟೇ ಕಾರಿನ ಕಡೆ ಬಂದರು.

ಬ್ಯಾಟರಿಯಿಂದ ಎರಡು ವಯರ್ ತಂದು ನೇರ ಫ್ಯಾನಿಗೆ ಮುಟ್ಟಿಸಿದರು. ಗುಂಯ್ ಎಂದು ತಿರುಗಿತು. ಇನ್ನೊಂದಕ್ಕೆ ಮುಟ್ಟಿಸಿದರು, ಅದೂ ತಿರುಗಿತು. "ಮೋಟರ್ ಠೀಕ್." ಆಮೇಲೆ ಫ್ಯಾನಿನಿಂದ ಹೊರಟ ವಯರನ್ನು ಬೆರಳಿನಿಂದ ಹಿಡಿದುಕೊಂಡೇ ಹೋದರು. ಅದು ಕಂಪನಿ ಹಾಕಿದ ವಯರ್ ಆಗಿರಲಿಲ್ಲ. ಹಳದಿ, ಮನೆಗೆ ಹಾಕುವಂಥದ್ದು. ಫ್ಯೂಸಿನ ಪೆಟ್ಟಿಗೆಗೆ ಹೋಗದೆ ಎಂಜಿನ್ನಿನ ಹಿಂದಿನ ತಗಡಿನ ತೂತಿನಿಂದ ಕಾರಿನೊಳಕ್ಕೆ ನುಗ್ಗಿತ್ತು. ಹಿಂದೆ ಯಾರೋ ಮಿಸ್ತ್ರಿ ಸೆನ್ಸರ್ ಬಿಟ್ಟು ಎರಡೂ ಫ್ಯಾನ್‌ಗಳನ್ನು ಡೈರೆಕ್ಟ್ ಮಾಡಿದ್ದ, ಅಂದರೆ ಕೀಲಿ ತಿರುಗಿಸಿದರೆ ಸದಾ ತಿರುಗುವ ಹಾಗೆ. ನಸೀಮ್ ಭಾಯಿ ಎಡಗಡೆಯ ಬಾಗಿಲಿನಿಂದ ಒಳಗೆ ಮಲಗಿ, ಡ್ಯಾಶ್‌ಬೋರ್ಡಿನ ಕೆಳಗೆ, ಪಕ್ಕದ ಸೀಟಿನವರ ಮೊಣಕಾಲು ತಾಗುವಲ್ಲಿ ಕೈ ಹಾಕಿದರು. ಟಕ್ ಎಂದಿತು. ಕೀಲಿ ತಿರುಗಿಸಿ ಎಂದರು. ಎರಡು ಫ್ಯಾನೂ ಒಟ್ಟಿಗೆ ಮೊರೆದವು.

ಬೆಳಿಗ್ಗೆಯಿಂದ ಪರತಾಪುರದವರೆಗೆ ನನ್ನ ಕಿವಿಯಲ್ಲಿದ್ದ ಸದ್ದು ಅದೇ.

"ಸ್ವಿಚ್ ಬಂದ್ ಥಾ," ಎಂದು ನಸೀಮ್ ಭಾಯಿ ಅಂಗಾತ ಮಲಗಿದ್ದಲ್ಲಿಂದಲೇ ನಕ್ಕು, ಆರಿಸಿದ್ದು ಯಾರು ಎಂದು ಕೇಳಿದರು. "ಕಿಸ್ನೇ ಕಿಯಾ?"

ಭಾವನಿಗೆ ಫೋನ್ ಮಾಡಿದೆ. "ಓಹ್, ಆ ಸ್ವಿಚ್ಚಾ," ಎಂದರು. "ಮುನಿರ್ಕಾದ ಮಿಸ್ತ್ರಿ ಹಾಕಿಕೊಟ್ಟಿದ್ದ. ಯಾವತ್ತೂ ಆಫ್ ಮಾಡೇ ಇಲ್ಲ ಕಣೋ, ಇದೆ ಅನ್ನೋದೇ ಮರೆತುಹೋಗಿತ್ತು."

ಸೋಮಯ್ಯ ತಾರಾಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದವರು ಮೇಲೆ ನೋಡದೆ ಹೇಳಿದರು:

"ನಾನು."

"ಅಲ್ಲ, ನನ್ನ ಕಾಲು ತಾಗಿರಬಹುದು..."

"ನಿಮ್ಮ ಕಾಲು ಆ ಕಡೆಗೆ ಬರಲ್ಲ, ಮೇಷ್ಟ್ರೇ. ಮೀರತ್‌ನಲ್ಲಿ ಇವಳನ್ನ ನೋಡೋ ಆತುರದಲ್ಲಿ ಏನೂ ಮುಟ್ಟದೆ ಇಳಿದಿದ್ದೆ. ಟೀ ಅಂಗಡೀಲಿ ಕೈಗೆ ಸಿಕ್ತು, ಆನ್ ಇತ್ತು. ಗಾಡಿ ನಿಂತ ಮೇಲೆ ಯಾವುದೂ ಆನ್ ಇರಬಾರದು. ಇಪ್ಪತ್ತೆರಡು ವರ್ಷ ಅದೇ. ಏನದು ಅಂತ ಕೇಳ್ಲೇ ಇಲ್ಲ. ಕೈ ತಾನೇ ಮಾಡಿಬಿಡ್ತು."

ಇಲ್ಲಿ ನನ್ನ ನೆನಪಿನಲ್ಲಿ ಒಂದು ದೃಶ್ಯವಿದೆ: ಚಹಾದ ಲೋಟದ ಆಚೆ, ಗಾಜಿನೊಳಗೆ, ಅವರು ಬಾಗುವುದು. ತುಂಬ ಸ್ಪಷ್ಟವಾಗಿದೆ. ಅದಕ್ಕೇ ಅದನ್ನು ನಂಬುವುದಿಲ್ಲ. ನಾನಾಗ ಕಾರಿಗೆ ಬೆನ್ನು ಹಾಕಿದ್ದೆ.

ಅಲ್ಲೇ, ಇನ್ನೂ

ಕಾರು ಸಿದ್ಧವಾಗಿತ್ತು. ಕೂಲೆಂಟ್ ತುಂಬಿ, ಹಾರ್ನ್‌ನ ರಿಲೇ ಅದರ ಜಾಗಕ್ಕೆ ಹಾಕಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ ನೋಡಿದೆವು. ಮುಳ್ಳು ಅರ್ಧದ ಕೆಳಗೆ ಅಲ್ಲಾಡದೆ ನಿಂತಿತ್ತು. ಎ.ಸಿ. ತಣ್ಣಗೆ ಬರುತ್ತಿತ್ತು. ಆಗ ಹೊರಟಿದ್ದರೆ ಗಾಜಿಯಾಬಾದಿನ ಜನಜಂಗುಳಿ ದಾಟಿ ರೈಲಿನ ಹೊತ್ತಿಗೆ ನಿಜಾಮುದ್ದೀನ್ ತಲುಪಬಹುದಿತ್ತು. ಆ ಕೂಪೆ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿರಲಿಲ್ಲ.

ತಾರಾ ಏಳಲಿಲ್ಲ. ನಾಲಿಗೆಯ ಅಂಚಿನಲ್ಲಿ ಗುಲಾಬಿ ಬಣ್ಣ ಬಂದಿತ್ತು, ನಡುವೆ ಇನ್ನೂ ಬಂದಿರಲಿಲ್ಲ. ಪಕ್ಕೆ ಏರಿ ಇಳಿಯುತ್ತಿತ್ತು. ಕಣ್ಣು ತೆರೆದಿತ್ತು, ಸೋಮಯ್ಯನ ಬಾಯಿಯ ಮೇಲೆಯೇ ನೆಟ್ಟಿತ್ತು.

"ಎತ್ತಿಕೊಂಡು ಹೋಗೋಣವೇ?" ಎಂದೆ.

"ಎತ್ತಿದ್ರೆ ಉಸಿರು ಕಟ್ಟತ್ತೆ. ಕಾಲುವೆ ಹತ್ರ ಬೇರೆ ದಾರಿ ಇರಲಿಲ್ಲ."

"ನೀವು ಒಂದು ಮಾತು ಹೇಳಿ ನೋಡಿ. ನಿಮ್ಮ ಮಾತಿಗೆ ಎದ್ದಾಳು."

ಸೋಮಯ್ಯ ಅವಳ ಪಾದದ ಮೇಲಿಂದ ಕೈ ತೆಗೆದರು. ಆಮೇಲೆ ಅವಳಿಗೆ ಕೇಳಿಸಬಾರದೆಂಬಂತೆ ನನ್ನ ಕಡೆ ತಿರುಗಿ, ಮೆತ್ತಗೆ ಹೇಳಿದರು:

"ಹೇಳಿದ್ರೆ ಏಳ್ತಾಳೆ, ಮೇಷ್ಟ್ರೇ. ಹೃದಯ ಒಡೆದುಹೋದ್ರೂ ಏಳ್ತಾಳೆ. ಅದಕ್ಕೇ ಹೇಳ್ತಿಲ್ಲ."

ಅವಳು ತಮ್ಮ ಬಾಯಿ ನೋಡುತ್ತ ಕಾಯಬಾರದೆಂದು ಅವರು ಎದ್ದು ಹಿಂದೆ, ಹಳೆಯ ರೇಡಿಯೇಟರುಗಳ ರಾಶಿಯ ಮೇಲೆ ಹೋಗಿ ಕುಳಿತರು. ಬೆನ್ನು ತಿರುಗಿಸಿ ಕುಳಿತರು. ನಸೀಮ್ ಭಾಯಿ ಏನೂ ಕೇಳದೆ ಕೂಲರಿಗೆ ಇನ್ನೊಂದು ಬಕೆಟ್ ನೀರು ಹೊಯ್ದರು. ನಾನು ಅಕ್ಕನಿಗೆ ಫೋನ್ ಮಾಡಿ, ರೈಲಿಗೆ ಬರುವುದಿಲ್ಲ ಎಂದೆ. "ನಾಯಿ?" ಎಂದಳು. ಗೊತ್ತಿಲ್ಲ ಎಂದೆ.

ಎಷ್ಟು ಹೊತ್ತು ಕುಳಿತೆವು ಎಂಬುದಕ್ಕೆ ನನ್ನಲ್ಲಿ ಟಿಪ್ಪಣಿ ಇಲ್ಲ, ಫೋಟೊ ಇಲ್ಲ. ಶೆಡ್ಡಿನ ಬಾಗಿಲಲ್ಲಿ ಬಿಸಿಲಿನ ಪಟ್ಟಿ ಸರಿದು ಸರಿದು ಹೊರಗೆ ಹೋಯಿತು. ಸೇತುವೆಯ ಕಡೆಯಿಂದ ನೀರಿಗೆ ಹಾರುವವರ ಸದ್ದು ಕಡಿಮೆಯಾಗುತ್ತ ಬಂತು. ತಾರಾಳ ಉಸಿರು ಇನ್ನೂ ಇದೆಯೇ ಎಂದು ನೋಡಲು ನಾನು ಮೂರು ಸಲ ಹತ್ತಿರ ಹೋದೆ. ನಾಲ್ಕನೆಯ ಸಲ ಹೋಗುವ ಧೈರ್ಯವಾಗಲಿಲ್ಲ.

ಸಂಜೆಯ ಮಬ್ಬಿನಲ್ಲಿ ಉಗುರು ಸಿಮೆಂಟಿಗೆ ಗೀಚಿದ ಸದ್ದಾಯಿತು. ಅವಳು ಮುಂಗಾಲು ಊರಿದಳು, ಜಾರಿದಳು, ಮತ್ತೆ ಊರಿದಳು. ನಿಂತಳು. ಸೋಮಯ್ಯ ತಿರುಗಿದರು, ಬಾಯಿ ತೆರೆದರು, ಮುಚ್ಚಿಕೊಂಡರು. ತಾರಾ ಅವರ ಎಡಗಾಲಿನ ಹತ್ತಿರ ಬರಲಿಲ್ಲ, ಕಾರಿನ ಹತ್ತಿರವೂ ಹೋಗಲಿಲ್ಲ. ಬಕೆಟ್ಟಿಗೆ ಮೂತಿ ಹಾಕಿ ಬೇಕಾದಷ್ಟು ಕುಡಿದಳು. ಆಮೇಲೆ ಬಾಗಿಲು ದಾಟಿ, ಕಾಲುವೆಯ ಗಾಳಿ ಬರುವ ಕಡೆಗೆ ನಿಧಾನವಾಗಿ ನಡೆದಳು.

ಅವಳ ಕೊರಳಿನ ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಸೋಮಯ್ಯ ಅದನ್ನು ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಬಿಟ್ಟು, ಅವಳ ಹಿಂದೆ ನಡೆದರು.